ಖಾಸೀಂ ಮೇಸ್ತ್ರಿ ಹೇಳಿದ ಪೂರ್ತಿ ಮಾತು

“ಇಳೀರಿ ಕೆಳಗೆ. ನೀವು ಹೇಳಿದ ಸುಳ್ಳು ನಮ್ಮನೆ ಜಗಲಿ ಮೇಲೆ ಕಾಲು ಚಾಚಿ ಕೂತಿದೆ. ಬೆಳಗ್ಗೆಯಿಂದ ಮೂರು ಲೋಟ ಟೀ ಕುಡಿದಿದೆ.”

ಕಾಲೇಜು ಓದುವ ತಾರಾಮಣಿ ಬೀದಿಯಲ್ಲಿ ನಿಂತು ಹೀಗೆ ಕೂಗಿದಾಗ ನಾನು ಬೊಂಬಿನ ಸಾರವೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಗೋಡೆಗೆ ಗಾರೆ ಬಳಿಯುತ್ತಿದ್ದೆ. ನನ್ನನ್ನು ಸುಳ್ಳ ಎಂದು ಬೀದಿಯಲ್ಲಿ ನಿಂತು ಕರೆದವರು ಅದುವರೆಗೆ ಯಾರೂ ಇರಲಿಲ್ಲ. ಕರೆಯುವ ಧೈರ್ಯ ಇರಲಿಲ್ಲ ಎನ್ನುವುದು ಸರಿ. ನಾಲ್ಕು ಅಕ್ಷರ ಕಲಿತ ಕೂಡಲೇ ದೊಡ್ಡವರ ಮೇಲೆ ಬಾಯಿ ಮಾಡುತ್ತೀಯಾ, ನಿನ್ನ ಪ್ರಬಂಧವನ್ನು ಇದೇ ಗಾರೆ ಬಾಣಲಿಯಲ್ಲಿ ಹಾಕಿ ಕಲಸಿ ಗೋಡೆಗೆ ಮೆತ್ತುತ್ತೇನೆ ಎಂದು ನಾನೂ ಕೂಗಿದೆ. ಅವಳು ಹೆದರಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು, “ಬಂದಿರೋದು ಖಾಸೀಂ ಮೇಸ್ತ್ರಿ” ಎಂದಳು.

ನಾನು ಬೈಯುವುದನ್ನು ಮರೆತೆ. ನನ್ನನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಗೊತ್ತು.

ಖಾಸೀಂ ಮೇಸ್ತ್ರಿ ನನಗೆ ಗಾರೆ ಕೆಲಸ ಕಲಿಸಿದವರು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ವರ್ಷದಿಂದ ಅವರ ಕೈ ಕೆಳಗೆ ಇದ್ದೆ. ಅವರು ಮಣ್ಣಾಗಿ ಹನ್ನೆರಡು ವರ್ಷವಾಗಿತ್ತು. ಅದಕ್ಕೂ ಏಳು ವರ್ಷ ಮುಂಚೆಯೇ ನಮ್ಮಿಬ್ಬರ ಮಾತು ನಿಂತುಹೋಗಿತ್ತು.

ನಮ್ಮ ಊರಿನಲ್ಲಿ ಬಾಯಲ್ಲಿ ಯಾರ ಮಾತನ್ನು ಹೇಗೆ ಬೇಕಾದರೂ ತಿರುಚಿ ಹೇಳಬಹುದು, ಯಾರೂ ಬರುವುದಿಲ್ಲ. ಕಾಗದದ ಮೇಲೆ ಬರೆದರೆ ಮಾತ್ರ ಮಾತಿನ ಯಜಮಾನ ಬರುತ್ತಾನೆ. ಬರೆದವರ ಜಗಲಿಯ ಮೇಲೆ ಕೂರುತ್ತಾನೆ, ಸರಿ ಮಾಡುವ ತನಕ ಏಳುವುದಿಲ್ಲ. ಬದುಕಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಗೊಣಗುತ್ತಾ ಬರುತ್ತಾರೆ. ಸತ್ತವರು ಸಾವಧಾನವಾಗಿ ಬರುತ್ತಾರೆ. ಅದಕ್ಕೇ ಇಲ್ಲಿ ಪ್ರತಿ ಮನೆಯಲ್ಲೂ ಒಂದು ಹೆಚ್ಚಿನ ಚಾಪೆ, ಒಂದು ಹೆಚ್ಚಿನ ತಟ್ಟೆ ಇರುತ್ತದೆ. ಕಾಲೇಜು ಓದುವ ಮಕ್ಕಳಿರುವ ಮನೆಯಲ್ಲಿ ನಾಲ್ಕೈದು ಇರುತ್ತವೆ. ಒಂದು ವರ್ಷ ಒಬ್ಬ ಹುಡುಗ ಯಾವುದೋ ಪುಸ್ತಕದ ಎರಡು ಪುಟವನ್ನು ಹೆಸರು ಹಾಕದೆ ತನ್ನದೇ ಎನ್ನುವಂತೆ ಇಳಿಸಿದ್ದಕ್ಕೆ, ಆ ಪುಸ್ತಕ ಬರೆದ ಹಿರಿಯರು ಹೆಂಡತಿ, ಹಾಸಿಗೆ, ಉಪ್ಪಿನಕಾಯಿ ಭರಣಿ ಸಮೇತ ಬಂದು ಮಳೆಗಾಲ ಮುಗಿಯುವವರೆಗೆ ಇದ್ದರು. ಹುಡುಗನ ತಾಯಿಗೂ ಆ ಹೆಂಗಸಿಗೂ ಎಷ್ಟು ಸ್ನೇಹವಾಯಿತೆಂದರೆ, ಕೊನೆಗೆ ಹುಡುಗ ಹೆಸರು ಬರೆಯಲು ಹೊರಟಾಗ ತಾಯಿಯೇ ಪೆನ್ನು ಬಚ್ಚಿಟ್ಟಳಂತೆ.

ನಮ್ಮ ಕಾಲೇಜಿನ ಮೇಷ್ಟ್ರು ಪ್ರಬಂಧಗಳನ್ನು ಮೊದಲು ಓದುವುದಿಲ್ಲ. ಕೊಡೆ ಹಿಡಿದು ಬೀದಿ ಬೀದಿ ಸುತ್ತಿ ಜಗಲಿಗಳನ್ನು ನೋಡುತ್ತಾರೆ. ಯಾರ ಮನೆ ಮುಂದೆ ಜನ ಕೂತಿದ್ದಾರೋ ಅವರ ಪ್ರಬಂಧ ಮುಟ್ಟುವುದೇ ಇಲ್ಲ, ಇನ್ನು ಆರು ತಿಂಗಳು ಬಿಟ್ಟು ಬಾ ಎನ್ನುತ್ತಾರೆ. ತಾರಾಮಣಿ ‘ನಮ್ಮ ಊರಿನ ಗಾರೆ ಕೆಲಸ’ ಎಂದು ಮೂವತ್ತು ಪುಟ ಬರೆದಿದ್ದಳು. ಮುಂದಿನ ಸೋಮವಾರ ಕೊಡಬೇಕಿತ್ತು. ಅವಳು ಬಂದು ನನ್ನ ಮೇಲೆ ಕೂಗಿದ್ದು ಬುಧವಾರ.

ನಾನು ಸಾರವೆ ಇಳಿದು ಅವಳ ಹಿಂದೆ ಹೋದೆ.

ಮೇಸ್ತ್ರಿ ಜಗಲಿಯ ನಡುವೆ ಚಾಪೆ ಹಾಕಿಕೊಂಡು ಕೂತಿದ್ದರು. ಅದೇ ಬಿಳಿ ಟೋಪಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಅದೇ ಲುಂಗಿ, ಉಗುರಿನ ಸಂದಿಯಲ್ಲಿ ಅದೇ ಸುಣ್ಣ. ನನ್ನನ್ನು ನೋಡಿ, “ಏನೋ ಗಾಳೆಪ್ಪ, ಹೊಟ್ಟೆ ಬಂದಿದೆ” ಎಂದರು. ಹತ್ತೊಂಬತ್ತು ವರ್ಷದ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಇದು. ನಿಮಗೆ ಬಂದಿಲ್ಲವಲ್ಲ, ನೀವು ಸತ್ತಿದ್ದೀರಿ ಎಂದೆ. ಅವರು ನಕ್ಕರು. ನನಗೂ ನಗು ಬಂತು. ತಾರಾಮಣಿಗೆ ಬರಲಿಲ್ಲ. ಅವಳು ಕಾಗದದ ಕಟ್ಟನ್ನು ತಂದು ಹದಿನೇಳನೆಯ ಪುಟ ತೆಗೆದು ನನ್ನ ಮೂಗಿಗೆ ಹಿಡಿದಳು. ಅಲ್ಲಿ ಹೀಗಿತ್ತು: ಹೆಸರಾಂತ ಗಾರೆ ಕೆಲಸಗಾರ ಖಾಸೀಂ ಮೇಸ್ತ್ರಿ ಹೇಳುತ್ತಾರೆ, ‘ಗಾಳೆಪ್ಪನ ಕೈ ನನ್ನ ಕೈಗಿಂತ ಮೇಲು.’

ಇದು ನಾನೇ ಅವಳಿಗೆ ಹೇಳಿದ ಮಾತು. ಅವಳಿಗೆ ಮಾತ್ರ ಅಲ್ಲ, ಊರಿಗೆಲ್ಲ ಹೇಳಿದ್ದೆ. ಯಾರಾದರೂ ಗೋಡೆ ತೋರಿಸಲು ಕರೆದರೆ ಮೊದಲು ಇದನ್ನು ಹೇಳಿ ಆಮೇಲೆ ಗೋಡೆ ನೋಡುತ್ತಿದ್ದೆ. ನನ್ನ ಮದುವೆಯ ಮಾತುಕತೆಯಲ್ಲಿ ಇದನ್ನೇ ಹೇಳಿದ್ದೆ. ಕೆಲಸ ಸರಿಯಿಲ್ಲ ಎಂದವರ ಬಾಯಿ ಮುಚ್ಚಿಸಿದ್ದೂ ಇದರಿಂದಲೇ. ನಾನು ಜಗಳಗಂಟ, ಸಿಟ್ಟಿನ ಮನುಷ್ಯ ಎಂದು ಗೊತ್ತಿದ್ದೂ ಜನ ನನ್ನನ್ನು ಕರೆಯುತ್ತಿದ್ದರೆ ಅದು ಈ ಒಂದು ಮಾತಿನ ಬಲದಿಂದ ಎಂದು ನನಗೆ ಗೊತ್ತಿತ್ತು.

“ಅವರು ಹೀಗೆ ಹೇಳಿದ್ದು ನಿಜಾನಾ?” ಎಂದು ತಾರಾಮಣಿ ಕೇಳಿದಳು.

ನಿಜ ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳು ಮೇಸ್ತ್ರಿಯ ಕಡೆ ತಿರುಗಿದಳು. ಮೇಸ್ತ್ರಿ ಬಾಯಿ ತೆರೆದರು, ಗಾಳಿ ಬಂತು, ಮಾತು ಬರಲಿಲ್ಲ. ಇದೂ ನಮ್ಮೂರಿನ ಕಷ್ಟ. ಬಂದವರು ಊರ ಸುದ್ದಿಯೆಲ್ಲ ಮಾತಾಡಿಯಾರು, ಆದರೆ ತಪ್ಪಾಗಿ ಬರೆದ ಅವರ ಆ ಮಾತು, ಸರಿಯಾಗುವ ತನಕ ಅವರ ಬಾಯಿಗೇ ಬರುವುದಿಲ್ಲ. ಕೇಳಿಸಿಕೊಂಡವರೇ ನೆನಪು ಮಾಡಿಕೊಂಡು ಹೇಳಬೇಕು.

ತಾರಾಮಣಿ ಬುದ್ಧಿವಂತೆ. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಯೋಚಿಸಿ, ತಾನು ಇದನ್ನು ಮೇಸ್ತ್ರಿಯ ಬಾಯಿಂದ ಕೇಳಿಲ್ಲ, ಗಾಳೆಪ್ಪನ ಬಾಯಿಂದ ಕೇಳಿದ್ದು, ಕೇಳಿದ್ದನ್ನು ಕೇಳಿದ ಹಾಗೆ ಬರೆಯಲಿಲ್ಲ ಎಂದಳು. ‘ಖಾಸೀಂ ಮೇಸ್ತ್ರಿ ಹೀಗೆ ಹೇಳಿದ್ದರೆಂದು ಗಾಳೆಪ್ಪ ಹೇಳುತ್ತಾರೆ’ ಎಂದು ತಿದ್ದಿದಳು. ಮೇಸ್ತ್ರಿ ಎದ್ದರು. ಅವರು ಚಾಪೆ ಎಳೆದುಕೊಂಡು ಜಗಲಿಯ ನಡುವಿನಿಂದ ಅಂಚಿಗೆ ಬಂದು ಮತ್ತೆ ಕೂತರು.

“ಅರ್ಧ ತಪ್ಪು ಹೋಯ್ತು. ಇನ್ನರ್ಧ ನಿಮ್ಮ ಹೊಟ್ಟೇಲಿದೆ, ಮಾಮ” ಎಂದಳು.

ನನ್ನ ಹೊಟ್ಟೆಯ ವಿಷಯ ಒಂದೇ ದಿನದಲ್ಲಿ ಎರಡು ಸಲ ಬಂತು ಎಂದು ರೇಗಿ ನಾನು ಮನೆಗೆ ಹೋದೆ.

ಅವಳು ಹೇಳಿದ್ದು ಸರಿಯಾಗಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಊರಿನ ದೊಡ್ಡ ನೀರಿನ ತೊಟ್ಟಿಗೆ ಗಾರೆ ಮಾಡುವ ಕೆಲಸ ಮೇಸ್ತ್ರಿಗೆ ಬಂದಿತ್ತು. ಅಂಥ ಕೆಲಸ ಒಬ್ಬ ಗಾರೆಯವನ ಬದುಕಿನಲ್ಲಿ ಒಂದೇ ಸಲ ಬರುವುದು. ನಾಲ್ಕನೆಯ ದಿನ ತೊಟ್ಟಿ ಕಮಿಟಿಯವರು ನೋಡಲು ಬಂದರು. ಅವರಲ್ಲೊಬ್ಬ ಒದ್ದೆ ಗಾರೆಯ ಮೇಲೆ ಬೆರಳಿಟ್ಟು ನೋಡಿದ. ನಾನು ಅವನ ಬೆರಳಿಗೂ ಅವನ ವಂಶಕ್ಕೂ ಸೇರಿಸಿ ಬೈದೆ. ಕಮಿಟಿಯವರು ಮೇಸ್ತ್ರಿಯನ್ನು ಕರೆದು ಇವನನ್ನು ಕೆಲಸದಿಂದ ತೆಗೆಯಿರಿ ಎಂದರು. ಆಗ ಮೇಸ್ತ್ರಿ ಹತ್ತು ಜನರ ಮುಂದೆ ಗಟ್ಟಿಯಾಗಿ, “ಗಾಳೆಪ್ಪನ ಕೈ ನನ್ನ ಕೈಗಿಂತ ಮೇಲು” ಎಂದರು. ಅಲ್ಲಿಗೆ ನಿಲ್ಲಿಸಲಿಲ್ಲ. ಅದರ ಮುಂದೆ ನನ್ನ ಬಾಯಿಯ ವಿಷಯವಾಗಿ ಒಂದು ಮಾತು ಸೇರಿಸಿದರು. ಎಲ್ಲರೂ ನಕ್ಕರು. ನಾನು ಗಾರೆ ಎಳೆಯುವ ಕರಣೆಯನ್ನು ತೊಟ್ಟಿಯೊಳಕ್ಕೆ ಎಸೆದು, ಸಾರವೆ ಇಳಿದು, ಹಿಂದಿರುಗಿ ನೋಡದೆ ಹೊರಟುಹೋದೆ. ಮಾರನೆಯ ದಿನವೇ ಮೇಸ್ತ್ರಿಯೂ ಊರು ಬಿಟ್ಟು ಮಗಳ ಊರಿಗೆ ಹೋದರೆಂದು ಸುದ್ದಿ ಬಂತು. ನನ್ನ ಕೈ ಇಲ್ಲದೆ ಮುದುಕನಿಗೆ ಆಗಲಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ತೊಟ್ಟಿಯನ್ನು ಯಾರೋ ಪರವೂರಿನವರು ಮುಗಿಸಿದರು. ಅದು ಇವತ್ತಿಗೂ ಸೋರುತ್ತದೆ.

ಗುರುವಾರ ಬೆಳಗ್ಗೆ ಹೋಗುವುದಿಲ್ಲ ಎಂದುಕೊಂಡವನು ಹೋದೆ. ಮೇಸ್ತ್ರಿ ತಾರಾಮಣಿಯ ಮನೆಯ ಜಗಲಿ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ ನೋಡುತ್ತಿದ್ದರು. ಈ ಗೋಡೆ ಹೊಟ್ಟೆಯೊಳಗೆ ಖಾಲಿಯಾಗಿದೆ, ಇದಕ್ಕೆ ಒರಗಿ ಕೂರಲು ಭಯವಾಗುತ್ತದೆ ಎಂದರು. ಸತ್ತವರಿಗೆ ಎಂಥ ಭಯ ಎಂದೆ. ಗೋಡೆಗೆ ಭಯ, ನನಗಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ನಾವಿಬ್ಬರೂ ಹಳೆಯ ಗಾರೆಯನ್ನೆಲ್ಲ ಕೆಡವಿ ಹಾಕಿದ್ದೆವು. ತಾರಾಮಣಿಯ ತಾಯಿ ಧೂಳಿಗೆ ಸೆರಗು ಅಡ್ಡ ಹಿಡಿದು ಬಂದು, ಒಂದು ಮಾತು ಸರಿಮಾಡಿ ಹೋಗಿ ಎಂದರೆ ಮನೆಯನ್ನೇ ಕೆಡವುತ್ತಿದ್ದೀರಲ್ಲ ಎಂದು ನಮ್ಮಿಬ್ಬರನ್ನೂ ಬೈದರು. ಬೈದು, ಒಳಗೆ ಹೋಗಿ, ಅಕ್ಕಿ ರೊಟ್ಟಿ ತಟ್ಟಿ ತಂದರು.

ಆ ಮೂರು ದಿನ ನಾನು ಎಷ್ಟು ಖುಷಿಯಾಗಿದ್ದೆ ಎಂದು ಬರೆಯಲು ನನಗೆ ಬರುವುದಿಲ್ಲ. ಸುಣ್ಣ ನಾನು ಕಲಸುತ್ತಿದ್ದೆ, ತೆಳ್ಳಗಾಯಿತು ಎಂದು ಅವರು ಬೈಯುತ್ತಿದ್ದರು. ಮರಳು ಅವರು ಜರಡಿ ಹಿಡಿಯುತ್ತಿದ್ದರು, ಮುದುಕರ ಕೈ ನಡುಗುತ್ತದೆ ಎಂದು ನಾನು ಬೈಯುತ್ತಿದ್ದೆ. ಗಾರೆಗೆ ಬೆರೆಸುವ ಅಂಟು ನೀರಿಗೆ ಬೆಲ್ಲ ಎಷ್ಟು ಹಾಕಬೇಕು ಎಂದು ಒಂದು ಇಡೀ ಬೆಳಗ್ಗೆ ಜಗಳವಾಡಿದೆವು. ಜಗಳ ಮುಗಿಯುವ ಹೊತ್ತಿಗೆ ಬೆಲ್ಲವನ್ನು ಇಬ್ಬರೂ ಟೀ ಜೊತೆ ಕಚ್ಚಿ ತಿಂದು ಮುಗಿಸಿದ್ದೆವು. ಬೀದಿಯವರು ಬಂದು ನಿಂತು ನೋಡುತ್ತಿದ್ದರು. ಇನ್ನೂರು ಸಲ ನಾನು ಹೇಳಿದ ಕಥೆಯ ಮನುಷ್ಯ ಇವರೇನಾ ಎಂದು ಕೇಳಿ, ಅವರ ಕೈ, ನನ್ನ ಕೈ ಹೋಲಿಸಿ ನೋಡುತ್ತಿದ್ದರು. ಅವರ ಕೈಯೇ ಮೇಲು ಎಂದು ನನಗೇ ಕಾಣುತ್ತಿತ್ತು. ಅವರು ಕರಣೆ ಎಳೆದರೆ ಗೋಡೆಯ ಮೇಲೆ ಬೆಣ್ಣೆ ಹಚ್ಚಿದಂತೆ ಒಂದೇ ಗೆರೆ ಹೋಗುತ್ತಿತ್ತು.

ತಾರಾಮಣಿ ಮಾತ್ರ ದಿನ ಎಣಿಸುತ್ತಿದ್ದಳು. ಶನಿವಾರ ಮಧ್ಯಾಹ್ನ ಅವಳು ನನ್ನನ್ನು ಹಿತ್ತಿಲಿಗೆ ಕರೆದು, ಆ ಮಾತಿನ ಮುಂದೆ ಇನ್ನೇನೋ ಇತ್ತು ತಾನೆ ಎಂದು ಕೇಳಿದಳು. ಇತ್ತು, ಆದರೆ ಹೇಳುವುದಿಲ್ಲ ಎಂದೆ. ಯಾಕೆ ಎಂದಳು. ನಾಳೆಯಿಂದ ನನ್ನನ್ನು ಯಾರೂ ಕರೆಯುವುದಿಲ್ಲ, ಅದಕ್ಕೆ ಎಂದೆ. ಅವಳು ಅಳುವುದಿಲ್ಲ, ನನ್ನ ಥರದವಳೇ, ಸಿಟ್ಟು ಮಾಡಿಕೊಳ್ಳುತ್ತಾಳೆ. ಕಾಗದ ತೆಗೆದು ನನ್ನ ಎದುರೇ ‘ಮೇಲು’ ಎನ್ನುವುದರ ಮುಂದೆ ಮೂರು ಚುಕ್ಕಿ ಇಟ್ಟಳು. ಬಿಟ್ಟ ಮಾತಿದ್ದರೆ ಚುಕ್ಕಿ ಇಡಬಹುದು ಎಂದು ಮೇಷ್ಟ್ರು ಕಲಿಸಿದ್ದರಂತೆ. ನಾವು ಮುಂದಕ್ಕೆ ಓಡಿಬಂದು ನೋಡಿದೆವು. ಮೇಸ್ತ್ರಿ ಜಗಲಿ ಇಳಿದು, ಚಪ್ಪಲಿ ಮೆಟ್ಟಿ, ಎದುರು ಮನೆಯವರೆಗೆ ಹೋದರು. ಅಲ್ಲಿ ಏನೋ ಮರೆತವರಂತೆ ನಿಂತರು. ತಿರುಗಿ ಬಂದು ಚಪ್ಪಲಿ ಬಿಟ್ಟು ಕೂತರು.

“ಬೇಡದ್ದನ್ನ ಬಿಡೋಕೆ ಚುಕ್ಕಿ ಕಣಮ್ಮ, ಬಚ್ಚಿಡೋಕಲ್ಲ” ಎಂದು ತಾರಾಮಣಿಗೆ ಹೇಳಿ, ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ. ಅವರು ಗೋಡೆಯಲ್ಲಿ ಬಿರುಕು ಹುಡುಕುವಾಗ ನೋಡುವಂತೆ ನೋಡಿದರು.

ನಾನು ಹೇಳಿಬಿಟ್ಟೆ. ಬೀದಿಯ ಅರ್ಧ ಜನ ಅಲ್ಲೇ ಇದ್ದರು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಗಾಳೆಪ್ಪನ ಕೈ ನನ್ನ ಕೈಗಿಂತ ಮೇಲು, ಬಾಯಿ ಮಾತ್ರ ನೀರು ಕಾಣದ ಸುಣ್ಣದ ಕಲ್ಲು. ಹಾಗಂದಿದ್ದು ಅವರು. ಮುಟ್ಟಿದವರ ಕೈ ಸುಡುತ್ತದೆ ಅಂತ ಅರ್ಥ. ಬರ್ಕೊ.”

ನಾನು ಅಂದುಕೊಂಡ ಹಾಗೆ ಆಗಲಿಲ್ಲ. ಜನ ನಕ್ಕರು, ಆದರೆ ಇದು ನಮಗೆ ಮೊದಲೇ ಗೊತ್ತಿತ್ತಲ್ಲ ಎನ್ನುವ ನಗು ಅದು. ನನ್ನ ಬಾಯಿ ಎಂಥದ್ದು ಎಂದು ತಿಳಿಯಲು ಅವರಿಗೆ ಮೇಸ್ತ್ರಿ ಬೇಕಿರಲಿಲ್ಲ. ಹೂವಿನ ಅಂಗಡಿಯ ಲಿಂಗಮ್ಮನಂತೂ, ನೀರು ಬಿದ್ದರೆ ಇನ್ನೂ ಕುದಿಯುತ್ತೆ ಎಂದು ಸೇರಿಸಿದಳು. ಹತ್ತೊಂಬತ್ತು ವರ್ಷ ನಾನು ಬಚ್ಚಿಟ್ಟಿದ್ದು ಊರಿಗೆಲ್ಲ ಕಾಣುವ ಕಡೆಯೇ ಇತ್ತು.

ತಾರಾಮಣಿ ಬರೆದಳು. ಮೇಸ್ತ್ರಿ ಎದ್ದು ಬೀದಿಯ ನಲ್ಲಿಯವರೆಗೆ ಹೋದರು. ಅವರು ನಲ್ಲಿಯಲ್ಲಿ ಕಾಲು ತೊಳೆದುಕೊಂಡು ವಾಪಸು ಬಂದರು.

ಈಗ ನಿಜಕ್ಕೂ ನನಗೆ ತಲೆ ಕೆಟ್ಟಿತು. ಇಷ್ಟೇ ನಾನು ಕೇಳಿದ್ದು, ಬೇಕಾದರೆ ಮಕ್ಕಳ ಮೇಲೆ ಆಣೆ ಇಡುತ್ತೇನೆ ಎಂದೆ. ಇನ್ನೂ ಏನಾದರೂ ಇದೆಯಾ ಎಂದು ಮೇಸ್ತ್ರಿಯನ್ನೇ ಕೇಳಿದೆ. ಅವರು ಬಾಯಿ ತೆರೆದರು, ಗಾಳಿ ಬಂತು. ಆಮೇಲೆ ಕೈಯನ್ನು ತಲೆಯ ಮೇಲೆ ಬಾಣಲಿ ಹೊತ್ತವರ ಹಾಗೆ ಹಿಡಿದು ತೋರಿಸಿದರು. ನನಗೆ ನರಸಮ್ಮನ ನೆನಪಾಯಿತು.

ನರಸಮ್ಮ ಇಪ್ಪತ್ತು ವರ್ಷ ನಮಗೆ ಗಾರೆಯ ಬಾಣಲಿ ಹೊತ್ತವಳು. ಆ ದಿನ ತೊಟ್ಟಿಯ ಹತ್ತಿರ ಇದ್ದಳು. ಮೂರು ಬೀದಿ ಆಚೆಗೇ ಅವಳ ಮನೆ. ಆದರೆ ನಾನು ಅವಳ ಜೊತೆ ಮಾತು ಬಿಟ್ಟೂ ಹತ್ತೊಂಬತ್ತು ವರ್ಷವಾಗಿತ್ತು. ಭಾನುವಾರ ಬೆಳಗ್ಗೆ ತಾರಾಮಣಿ ಹೋಗಿ ಅವಳನ್ನು ಕೈಹಿಡಿದು ಕರೆತಂದಳು. ಹಲ್ಲೆಲ್ಲ ಹೋಗಿತ್ತು, ಕುತ್ತಿಗೆ ಮಾತ್ರ ಬಾಣಲಿ ಹೊತ್ತಂತೆ ನೇರವಾಗಿಯೇ ಇತ್ತು. ಮೇಸ್ತ್ರಿಯನ್ನು ಕಂಡು, ಚೆನ್ನಾಗಿದ್ದೀರಾ ಸಾಬರೇ ಎಂದು ಕೇಳಿ, ಸತ್ತವರನ್ನು ಹಾಗೆ ಕೇಳಬಾರದೇನೋ ಎಂದು ನಾಲಿಗೆ ಕಚ್ಚಿಕೊಂಡಳು. ಹೊಸ ಗೋಡೆಯನ್ನು ಮುಟ್ಟಿ ನೋಡಿದಳು. ನನ್ನ ಕಡೆ ನೋಡಲೇ ಇಲ್ಲ.

ನಾನೇ ಕೇಳಬೇಕಾಯಿತು. ಕೇಳುವುದು ಕಷ್ಟವಾಯಿತು. ಕೇಳಿದೆ.

“ಈಗ ಕೇಳ್ತೀಯಾ?” ಎಂದಳು. “ಹತ್ತೊಂಬತ್ತು ವರ್ಷದಿಂದ ಆ ದಿನದ ಮಾತು ಎತ್ತಿದವರನ್ನೆಲ್ಲ ಉಗಿದು ಓಡಿಸ್ದೆ. ನಾನು ನಿನ್ನ ಬಾಗಿಲಿಗೇ ಬಂದಿದ್ದೆ ಕಣೋ. ಹೊಸಿಲು ದಾಟೋಕೆ ಬಿಡ್ಲಿಲ್ಲ ನೀನು.”

ಬಂದಿದ್ದಳು. ನೆನಪಿದೆ. ಮುದುಕನ ಪರವಾಗಿ ಬಂದಿದ್ದೀಯಾ ಎಂದು ಬಾಗಿಲು ಹಾಕಿದ್ದೆ.

ಆಮೇಲೆ ಅವಳು, ಲೋಟದ ಟೀ ಮುಗಿಸಿ, ಬಾಯಿ ಒರೆಸಿಕೊಂಡು, ಆ ದಿನದ್ದನ್ನು ಹೇಳಿದಳು. ನಾನು ಕರಣೆ ಎಸೆದು ಇಳಿದು ಹೋಗುತ್ತಿದ್ದೆನಂತೆ. ಜನ ಇನ್ನೂ ನಗುತ್ತಿದ್ದರಂತೆ. ಮೇಸ್ತ್ರಿ ನನ್ನ ಬೆನ್ನನ್ನೇ ನೋಡುತ್ತಾ, ಉಸಿರು ಕೂಡ ತೆಗೆದುಕೊಳ್ಳದೆ, ಅದೇ ಮಾತನ್ನು ಮುಗಿಸಿದರಂತೆ: ಆದರೆ ಅವನು ಇಳಿದು ಹೋದ ಸಾರವೆಯ ಮೇಲೆ ನಾನು ನಿಲ್ಲುವುದಿಲ್ಲ. ಹಾಗೆಂದು ಅವರೂ ಇಳಿದರಂತೆ. ಕಮಿಟಿಯವರು ಕೈ ಮುಗಿದರೂ ಕೇಳಲಿಲ್ಲವಂತೆ. ನಾನು ಬಂದು ಕರೆಯುತ್ತೇನೆಂದು ಒಂದು ದಿನ ಕಾದು, ಆಮೇಲೆ ಮಗಳ ಊರಿಗೆ ಹೋದರಂತೆ.

ನನಗೆ ಯಾರನ್ನಾದರೂ ಬೈಯಬೇಕು ಎನ್ನಿಸಿತು, ಯಾರೂ ಸಿಗಲಿಲ್ಲ. ಕೊನೆಗೆ ಮೇಸ್ತ್ರಿಯ ಮೇಲೆಯೇ ಹರಿಹಾಯ್ದೆ. ಕೂಗಿ ಕರೆಯಲು ಏನಾಗಿತ್ತು ನಿಮಗೆ, ಬಾಯಿ ಇರಲಿಲ್ಲವಾ ಎಂದೆ.

“ಬಾಯಿ ಎಲ್ಲಾ ನಿನಗೇ ಕೊಟ್ಟಿದ್ದೆನಲ್ಲೋ” ಎಂದರು ಮೇಸ್ತ್ರಿ.

ಮೊದಲು ನಕ್ಕಿದ್ದು ನರಸಮ್ಮ. ಆಮೇಲೆ ಎಲ್ಲರೂ ನಕ್ಕರು. ನಾನು ನಗುತ್ತಲೇ ಕಣ್ಣು ಒರೆಸಿಕೊಂಡೆ. ಸುಣ್ಣದ ಕೈಯಲ್ಲಿ ಒರೆಸಿಕೊಂಡಿದ್ದರಿಂದ ಕಣ್ಣು ಇನ್ನೂ ಉರಿದು ನೀರು ಸುರಿಯಿತು. ಸುಣ್ಣ ಬಿತ್ತು ಎಂದು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ.

ತಾರಾಮಣಿ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು. ನನ್ನ ಪಕ್ಕಕ್ಕೆ ಬಂದು, “ಮಾಮ, ಆರು ತಿಂಗಳು ಬಿಟ್ಟು ಕೊಟ್ಟರೂ ನಡೆಯುತ್ತೆ. ಬರೆಯೋದಿಲ್ಲ ಬಿಡಿ. ಇವರು ಇರಲಿ” ಎಂದಳು. ಮೂವತ್ತು ಪುಟ ಬರೆದ ಹುಡುಗಿ, ಬುಧವಾರ ನನ್ನನ್ನು ಬೀದಿಯಲ್ಲಿ ಸುಳ್ಳ ಎಂದವಳು, ಹಾಗೆ ಹೇಳಿದಳು.

ನಾನು ಆಗಲಿ ಎನ್ನಲು ಬಾಯಿ ತೆರೆದಿದ್ದೆ. ಆರು ತಿಂಗಳು. ಸೋರುವ ತೊಟ್ಟಿಯನ್ನು ಇಬ್ಬರೂ ಸೇರಿ ಮೊದಲಿನಿಂದ ಮಾಡಬಹುದಿತ್ತು. ಮೇಸ್ತ್ರಿಯ ಮುಖ ನೋಡಿದೆ. ಅವರು ಇರು ಎಂದರೆ ಇರುವವರು, ಹೋಗು ಎಂದರೆ ಹೋಗುವವರು. ಆದರೆ ಅವರ ತುಟಿ ಸುಮ್ಮನೆ ಅಲುಗುತ್ತಿತ್ತು, ತಮ್ಮದೇ ಮಾತನ್ನು ಹುಡುಕುತ್ತಿತ್ತು. ಐದು ದಿನದಿಂದ ಅದು ಹಾಗೆ ಅಲುಗುತ್ತಿದ್ದದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ. ಅವರ ಬಾಯೊಳಗಿನದನ್ನು ಅಷ್ಟು ವರ್ಷ ನಾನು ಅರ್ಧ ಮಾಡಿ ಇಟ್ಟುಕೊಂಡಿದ್ದೆ. ಇನ್ನೂ ಆರು ತಿಂಗಳು ಪೂರ್ತಿಯಾಗಿ ಇಟ್ಟುಕೊಳ್ಳುವುದು ಯಾವ ಬಾಯಿಂದ?

“ಬರಿ” ಎಂದೆ. “ನರಸಮ್ಮನ ಹೆಸರು ಹಾಕು. ಬಾಣಲಿ ಹೊತ್ತು ನಿಂತು ಪೂರ್ತಿ ಕೇಳಿದವಳು ಅಂತ ಹಾಕು. ನನ್ನ ಹೆಸರೂ ಹಾಕು. ಅರ್ಧ ಕೇಳಿ ಎದ್ದು ಹೋದವನು, ಅರ್ಧದಲ್ಲಿ ಅರ್ಧವನ್ನು ಊರಿಗೆ ಹೇಳಿದವನು ಅಂತ ಹಾಕು. ಒಂದಕ್ಷರ ಬಿಟ್ಟರೆ ನೋಡು ಮತ್ತೆ.”

ಬೈಯುವ ಹಾಗೆ ಹೇಳಿದೆ, ಇಲ್ಲದಿದ್ದರೆ ಹೇಳಲಾಗುತ್ತಿರಲಿಲ್ಲ. ತಾರಾಮಣಿ ಹದಿನೇಳನೆಯ ಪುಟವನ್ನು ಹೊಸ ಹಾಳೆಯಲ್ಲಿ ಬರೆದಳು. ಒಂದೊಂದು ಪದವನ್ನೂ ಗಟ್ಟಿಯಾಗಿ ಓದುತ್ತಾ ಬರೆದಳು, ನರಸಮ್ಮ ಒಂದೊಂದಕ್ಕೂ ಹೂಂ ಎಂದಳು. ಕೊನೆಯ ಪದ ಮುಗಿದು ಪೆನ್ನು ಎತ್ತಿದ ಕೂಡಲೇ ಮೇಸ್ತ್ರಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಗಾಳೆಪ್ಪನ ಕೈ ನನ್ನ ಕೈಗಿಂತ ಮೇಲು, ಬಾಯಿ ಮಾತ್ರ ನೀರು ಕಾಣದ ಸುಣ್ಣದ ಕಲ್ಲು, ಆದರೆ ಅವನು ಇಳಿದು ಹೋದ ಸಾರವೆಯ ಮೇಲೆ ನಾನು ನಿಲ್ಲುವುದಿಲ್ಲ.”

ಅದನ್ನು ನನಗೇ ಹೇಳಿದರು, ನನ್ನ ಮುಖಕ್ಕೆ ಮುಖ ಕೊಟ್ಟು, ಒಂದೇ ಉಸಿರಿನಲ್ಲಿ. ನಾನು ಕೊನೆಯ ತನಕ ನಿಂತು ಕೇಳಿದೆ. ಕೈ ಮೇಲು ಎನ್ನುವುದು ಸುಳ್ಳು ಮೇಸ್ತ್ರಿ, ಮೂರು ದಿನದಿಂದ ನೋಡುತ್ತಿದ್ದೇನಲ್ಲ ಎಂದೆ. ಕಮಿಟಿಯವರ ಮುಂದೆ ಹಾಗೇ ಹೇಳಬೇಕು ಎಂದರು ಅವರು, ಕಣ್ಣು ಮಿಟುಕಿಸಿ. ತಾರಾಮಣಿ ಪೆನ್ನು ಹಿಡಿದವಳು, ಇದನ್ನೂ ಬರೆದುಕೊಳ್ಳಲಾ ಎಂದು ಕೇಳಿದಳು. ಬೇಡಮ್ಮ, ಮತ್ತೆ ಬರಬೇಕಾಗುತ್ತದೆ ಎಂದರು.

ಅವರು ಚಾಪೆ ಮಡಿಸಿ ಗೋಡೆಗೆ ಒರಗಿಸಿಟ್ಟರು. ತಾರಾಮಣಿಯ ತಾಯಿಗೆ ರೊಟ್ಟಿ ಚೆನ್ನಾಗಿತ್ತು ಎಂದರು. ನರಸಮ್ಮನ ತಲೆಯ ಮೇಲೆ ಕೈ ಇಟ್ಟರು. ಹೊಸ ಗೋಡೆಯನ್ನು ಒಮ್ಮೆ ಅಂಗೈಯಿಂದ ಸವರಿ, ಇನ್ನೆರಡು ದಿನ ನೀರು ಹಾಕು, ಮರೆಯಬೇಡ ಎಂದು ನನಗೆ ಹೇಳಿದರು. ಚಪ್ಪಲಿ ಮೆಟ್ಟಿ ಜಗಲಿ ಇಳಿದರು. ಬೀದಿಯ ನಡುವೆಯೇ ನಡೆದುಕೊಂಡು ಹೋದರು, ಬಿಸಿಲಿನಲ್ಲಿ ಅವರ ಟೋಪಿ ಬಹಳ ದೂರದವರೆಗೆ ಕಾಣಿಸಿತು. ನಾವು ನಾಲ್ವರೂ ಜಗಲಿಯ ಮೇಲೆ ನಿಂತೆವು. ತಾರಾಮಣಿಯ ತಾಯಿ ಇನ್ನೊಂದು ಸಲ ಟೀಗೆ ಇಟ್ಟರು, ಅವರ ಲೋಟವನ್ನೂ ಸೇರಿಸಿ. ಎಲ್ಲಾದರೂ ಒಂದು ತಪ್ಪು ಉಳಿದಿರಬಹುದು, ಸ್ವಲ್ಪ ನೋಡಮ್ಮ ಎಂದು ನಾನು ತಾರಾಮಣಿಗೆ ಹೇಳಿದೆ. ಅವಳು ಹಾಳೆ ತೆಗೆದು ಬೆರಳಿಟ್ಟು ಓದಿದಳು, ನರಸಮ್ಮನಿಗೆ ಓದಿ ಹೇಳಿದಳು, ಆಮೇಲೆ ನನ್ನ ಕೈಗೆ ಕೊಟ್ಟಳು, ನಾನೂ ಅಕ್ಷರ ಅಕ್ಷರ ಕೂಡಿಸಿ ಓದಿದೆ. ಟೀ ಕುದಿದು, ಲೋಟಕ್ಕಿಳಿದು, ಆರಿತು. ಎಲ್ಲೂ ಒಂದು ತಪ್ಪೂ ಇರಲಿಲ್ಲ. ಅವರು ಬರಲಿಲ್ಲ.